ಕಡಲ ದಂಡೆಯ ಗದ್ದುಗೆ

ಮಗಳ ಬಾಡಿಗೆ ಮನೆಯ ಮುಂದೆ ನಿಂತಾಗ ರೇಣುಕವ್ವನ ಕಣ್ಣಿಗೆ ಮೊದಲು ಬಿದ್ದದ್ದು ಮಗಳಲ್ಲ, ಮೀನು. ಬಾಗಿಲ ಚೌಕಟ್ಟಿನ ಮೊಳೆಗೆ ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿ ಅದನ್ನು ತೂಗಬಿಟ್ಟಿದ್ದರು. ಮೊಳಕೈಯಷ್ಟು ಉದ್ದ. ಬೆನ್ನು ನೀಲಿಗಪ್ಪು, ಹೊಟ್ಟೆ ಬೆಳ್ಳಿ ಬಣ್ಣ, ಕಣ್ಣು ತೆರೆದೇ ಇತ್ತು. ಅದರ ಬಾಯಿಂದ ಇಳಿದ ನೀರು ಹೊಸ್ತಿಲ ಮೇಲೆ ಹನಿಯುತ್ತಿತ್ತು. ಅದೇ ಹೊಸ್ತಿಲಿಗೆ ವಿಭೂತಿಯ ಗೆರೆಗಳೂ ಇದ್ದವು.

"ನೋಡಿದೇನು?" ಎಂದ ಗಂಡ ಹುಚ್ಚೀರಪ್ಪ. ಬೈಯುವ ದನಿಯಾಗಿರಲಿಲ್ಲ ಅದು. ಮೆಣಸಿನಕಾಯಿ ಚೀಲದ ತಳದಲ್ಲಿ ತೊಯ್ದ ಮಾಲು ಹಿಡಿದವನ ದನಿ.

ಲಕ್ಷ್ಮೇಶ್ವರದ ಪೇಟೆಯಲ್ಲಿ ಹುಚ್ಚೀರಪ್ಪನದು ಒಣಮೆಣಸಿನಕಾಯಿ ವ್ಯಾಪಾರ. ಚೀಲದ ಬಾಯಿ ಬಿಚ್ಚುವ ಮೊದಲೇ ಮಾಲು ಹೊಸದೋ ಹಳೆಯದೋ ಮೂಗಿನಿಂದ ಹೇಳುವವನು. ಮಗಳು ಕಾಂಚನಾ ಪರೀಕ್ಷೆ ಪಾಸಾಗಿ ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿದಾಗ ಊರಿಗೆಲ್ಲ ಪೇಡೆ ಹಂಚಿದ್ದ. ಅರಣ್ಯವೆಂದರೆ ಗಿಡಮರ ಎಂದುಕೊಂಡಿದ್ದ. ಆಕೆಯನ್ನು ಹಾಕಿದ್ದು ಮಾಳಕೋಡಿ ಎಂಬ ಈ ಮೀನುಗಾರರ ಹಳ್ಳಿಗೆ, ಕಡಲ ದಂಡೆಯ ರಕ್ಷಿತ ಪ್ರದೇಶ ಕಾಯುವುದಕ್ಕೆ. ಆಗಿನಿಂದಲೂ ಅವನಿಗೆ ಒಳಗೊಳಗೇ ಕಸಿವಿಸಿ. ಅದಕ್ಕೆ ಸರಿಯಾಗಿ, ಈ ಕಡೆಯ ಬಸ್ಸಿಗೆ ಕಂಡಕ್ಟರ್ ಆಗಿರುವ ಸಿದ್ದಾರೂಢ ಅಂಗಡಿಗೆ ಬಂದು ಒಂದು ಮಾತು ಎಸೆದು ಹೋಗಿದ್ದ. "ಕಾಕಾ, ನಿಮ್ಮ ಕಾಂಚನಾನ್ನ ನೋಡಿದ್ನಿ. ಮೀನಗಾರರ ಸಾಲಿನ್ಯಾಗ ನಿಂತು ಹಗ್ಗಾ ಜಗ್ಗಾಕತ್ತಿದ್ಲು. ಆಮ್ಯಾಲ ಅವರ ಮನಿ ಒಳಗ ಹೋದ್ಲು. ಊಟದ ಹೊತ್ತದು."

ಊಟದ ಹೊತ್ತದು ಎಂಬ ಆ ಒಂದು ಮಾತು ಹುಚ್ಚೀರಪ್ಪನನ್ನು ಮಲಗಗೊಟ್ಟಿರಲಿಲ್ಲ. ಮೊಟ್ಟೆ ಎಂಬ ಹೆಸರನ್ನೂ ಒಲೆಯ ಮುಂದೆ ಎತ್ತದ ಮನೆ ಅವರದು. ಶ್ರಾವಣ ಬಂದರೆ ಬಾಳೆಹೊಸೂರಿನ ಮಠದಲ್ಲಿ ಪುರಾಣ ಕೇಳಲು ಕೂರುವವಳು ರೇಣುಕವ್ವ. ಕಾಂಚನಾ ಅವಳ ತೊಡೆಯ ಮೇಲೆ ನಿದ್ದೆ ಹೋಗಿ, ಮಂಗಳಾರತಿಯ ಗಂಟೆಗೆ ಎಚ್ಚರಾಗಿ ಬೆಳೆದವಳು. ಹುಚ್ಚೀರಪ್ಪ ಹೆಂಡತಿಗೆ ಮಾತ್ರ ಹೇಳಿದ್ದ. "ಹೋಗಿ ನೋಡೂಣು. ಹುಡುಗಿ ಬಾಯಿ ಕೆಟ್ಟಿದ್ರ ಅಲ್ಲೇ ರಾಜೀನಾಮೆ ಬರಸೂದು, ಸಂಜೀ ಬಸ್ಸಿಗೆ ಕರಕೊಂಡು ಬರೂದು." ಹೋಗುವುದಕ್ಕೆ ಎರಡು, ಬರುವುದಕ್ಕೆ ಮೂರು ಸೀಟು ಕಾಯ್ದಿರಿಸಿದ್ದ. ಮಗಳಿಗೆ ಫೋನಿನಲ್ಲಿ ಹೇಳಿದ್ದೇ ಬೇರೆ. "ನಿಮ್ಮವ್ವಗ ಸಮುದ್ರ ನೋಡೂ ಆಸೆ ಆಗೈತಿ."

ಕಾಂಚನಾ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದಳು. ನಕ್ಕಳು. ಇಬ್ಬರ ಕಣ್ಣು ಎಲ್ಲಿದೆ ಎಂದು ಕಂಡು ನಗು ಅರ್ಧಕ್ಕೆ ನಿಂತಿತು.

"ಅದು ಪಾಲು, ಅವ್ವಾ. ದಂಡಿಮ್ಯಾಲ ನಿಂತು ಊರೆಲ್ಲಾ ಕೂಡಿ ಬಲಿ ಜಗ್ಗತಾರ. ಬಲ್ಯಾಗ ಒಂದೊಂದು ಸಲ ಆಮಿ ಸಿಕ್ಕೊಂಡಿರತಾವು, ಬಿಡಸಾಕ ನಾ ಹೋಗಬೇಕು. ಹೋದಾಗ ಹಗ್ಗಕ್ಕ ಕೈ ಹಚ್ಚತೀನಿ. ಕೈ ಹಚ್ಚಿದವ್ರಿಗೆಲ್ಲಾ ಒಂದು ಪಾಲು ಬಾಗಲಕ್ಕ ಕಟ್ಟೂದು ಇಲ್ಲಿ ಪದ್ಧತಿ. ಒಲ್ಲೆ ಅಂದ್ರ ಬಲಿಗೆ ಕೆಟ್ಟದ್ದು ಬಯಸಿದಂಗ ಅಂತಾರ."

"ಪಾಲು ಬಂದಮ್ಯಾಲ?" ಎಂದ ಹುಚ್ಚೀರಪ್ಪ.

"ಪಕ್ಕದ ಮನಿ ಜಾನಕಕ್ಕ ಬಿಚ್ಚಿಕೊಂಡು ಹೋಗ್ತಾರ."

"ಬಿಚ್ಚಿಕೊಂಡು ಹೋಗಿ, ಅಡಗಿ ಮಾಡಿ, ಯಾರಿಗೆ ಬಡಸ್ತಾಳ?"

ಕಾಂಚನಾ ಉತ್ತರ ಕೊಡುವ ಮೊದಲೇ ಜಾನಕಿ ಬೇಲಿಯ ಸಂದಿಯಿಂದ ಬಂದಳು. ಎತ್ತಿ ಕಟ್ಟಿದ ಸೀರೆ, ಮುಡಿಯಲ್ಲಿ ಅಬ್ಬಲಿಗೆ ಹೂವು. ಒಂದೇ ಕೈಯಲ್ಲಿ ಹುರಿ ಬಿಚ್ಚಿ ಮೀನನ್ನು ಬುಟ್ಟಿಗೆ ಹಾಕಿಕೊಂಡಳು.

"ಕಾಂಚನನ ಅಪ್ಪ ಅಮ್ಮನಾ? ಬನ್ನಿ, ಬನ್ನಿ. ಬಂಗಾರದಂಥಾ ಹುಡುಗಿ ಮಾರಾಯ್ರೆ. ಸೊಕ್ಕು ಹೇಳೂದೇ ಇಲ್ಲ. ನಮ್ಮನೆಲಿ ಎಂತ ಕೊಟ್ರೂ ಬೇಡ ಹೇಳೂದಿಲ್ಲ."

ಅವಳು ಹೋದ ಮೇಲೆ ಹುಚ್ಚೀರಪ್ಪ ಹೆಂಡತಿಯ ಕಡೆ ತಿರುಗಿದ. ಹೇಳುವುದೇನೂ ಉಳಿದಿಲ್ಲ ಎಂಬಂತಿತ್ತು ಆ ನೋಟ.

ಒಳಗೆ ರೇಣುಕವ್ವ ಗಂಟು ಬಿಚ್ಚಿದಳು. ಕಟಿರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಬಡಿಸಲು ತಾಟು ಹುಡುಕುವ ನೆಪದಲ್ಲಿ ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿದಳು. ಒಂದರಲ್ಲಿ ಅವಲಕ್ಕಿ, ಇನ್ನೊಂದರಲ್ಲಿ ನಿನ್ನೆಯ ಅನ್ನ. ಮೂರನೆಯದು ಖಾಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದದ್ದು. ಇದನ್ನೊಂದೇ ಯಾಕೆ ಇಷ್ಟು ತಿಕ್ಕಿದ್ದಾಳೆ ಎಂದು ಅವಳ ಮನಸ್ಸು ಕೇಳಿತು. ಹುಚ್ಚೀರಪ್ಪನೂ ಕೋಣೆಯ ನಡುವೆ ನಿಂತು ಮೂಗೆತ್ತಿ ಉಸಿರೆಳೆದ. ಪೇಟೆಯೆಲ್ಲ ನಂಬುವ ಆ ಮೂಗು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಗಾಳಿಯೇ ಮೀನಿನ ವಾಸನೆ, ಗೋಡೆಯೂ ಅದೇ ವಾಸನೆ, ಹೆಗಲ ಮೇಲಿದ್ದ ಅವನ ಟವೆಲಿಗೂ ಆಗಲೇ ಅದು ಹತ್ತಿತ್ತು.

ಕಾಂಚನಾ ರೊಟ್ಟಿ ಮುರಿದು ಚಟ್ನಿಗೆ ಅದ್ದಿ ಗಬಗಬ ತಿನ್ನುತ್ತಿದ್ದಳು. ಹಸಿದ ಮಗಳು ತಿನ್ನುವುದನ್ನು ನೋಡಿ ಹೊಟ್ಟೆ ತುಂಬಬೇಕಾದ ತಾಯಿ, ಆ ಬಾಯಿಯನ್ನು ಪರಕೀಯರ ಬಾಯಿಯಂತೆ ನೋಡುತ್ತ ಕೂತಿದ್ದಳು.

"ಉಂಡು ಕೈ ತೊಳಕೊ," ಎಂದ ಹುಚ್ಚೀರಪ್ಪ. "ತೊಳಕೊಂಡು, ಕೊಳ್ಳಾಗಿನ ಕರಡಿಗಿ ಮುಟ್ಟಿ ಹೇಳು. ಮೀನ ತಿಂದಿಯೋ ಇಲ್ಲೋ. ಒಂದು ಮಾತು ಹೇಳು, ಸಾಕು."

ಕಾಂಚನಾಳ ಕೊರಳಲ್ಲಿ, ಖಾಕಿಯ ಒಳಗೆ, ಅವಳಜ್ಜಿ ಕೊಡಿಸಿದ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಅವಳ ಲಿಂಗ. ಅವಳ ಕೈ ಅಲ್ಲಿಗೆ ಹೋಗಲಿಲ್ಲ. ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟಳು.

"ಹೇಳಂಗಿಲ್ಲ."

"ಯಾಕ?"

"ಇವತ್ತ ಕರಡಿಗಿ ಮುಟ್ಟಿ ಇದನ್ನ ಹೇಳಿದ್ರ ನಾಳೆ ಇನ್ನೊಂದು ಕೇಳ್ತೀರಿ. ಯಾರ ಜೋಡಿ ಮಾತಾಡಿದಿ, ಯಾರ ಮನ್ಯಾಗ ಕುಂತಿ, ಎಲ್ಲಾದಕ್ಕೂ ಮುಟ್ಟಬೇಕಾಕ್ಕೈತಿ. ಅಪ್ಪಾ, ನೀವು ನಂಬಾಕ ಬಂದಿಲ್ಲ, ಹಿಡ್ಯಾಕ ಬಂದೀರಿ."

"ತಿನ್ನದಾಕಿಗೆ ಹೇಳಾಕ ಏನ ತ್ರಾಸ?"

"ತಿನ್ನದಾಕಿಗೂ ಮರ್ಯಾದಿ ಇರತೈತಿ." ಅವಳು ಎದ್ದು ಕೈ ತೊಳೆದಳು. "ಬರ್ರಿ, ಸಮುದ್ರ ನೋಡಾಕ ಬಂದೀರಲ್ಲ. ತೋರಸ್ತೀನಿ."

ಅವಳು ತೋರಿಸಿದಳು, ಅವರು ನೋಡಿದರು. ಹೊಳೆ ಕಡಲು ಸೇರುವಲ್ಲಿ ಕಾಂಡ್ಲಾ ಗಿಡಗಳು ಕೆಸರಲ್ಲಿ ಬೇರೂರಿ ನಿಂತಿದ್ದವು. ಬೇರುಗಳ ನಡುವೆ ಬೆಳ್ಳಕ್ಕಿ ಒಂಟಿ ಕಾಲಲ್ಲಿ ಕಾಯುತ್ತಿತ್ತು. ಅದರಾಚೆ ಉದ್ದನೆಯ ಹೆಂಚಿನ ಕಟ್ಟಡ. ಪೇಟೆಯವರು ಟ್ಯೂನಾ ಎನ್ನುವ ಮೀನಿಗೆ ಇಲ್ಲಿ ಗೇದರ ಎಂದು ಹೆಸರು. ಹಿಂದೆ ಮಳೆಗಾಲ ಮುಗಿದ ಕೂಡಲೇ ಗೇದರದ ಹಿಂಡು ದಂಡೆಗೆ ಬರುತ್ತಿತ್ತಂತೆ. ಹಿಂಡಿನ ಸುತ್ತ ಬಲೆ ಮುಚ್ಚುವ ತನಕ ಊರಲ್ಲಿ ಯಾರೂ ಆ ಮೀನಿನ ಹೆಸರು ಎತ್ತುತ್ತಿರಲಿಲ್ಲವಂತೆ. ಹಿಡಿದ ಮೀನನ್ನು ಬೇಯಿಸಿ, ಉಪ್ಪು ಹಾಕಿ ಒಣಗಿಸುತ್ತಿದ್ದದ್ದು ಇದೇ ಕಟ್ಟಡದಲ್ಲಿ. ಈಗ ದೊಡ್ಡ ಬೋಟುಗಳು ಆಳದಲ್ಲೇ ಅದನ್ನು ಬಾಚಿಕೊಳ್ಳುತ್ತವೆ. ದಂಡೆಯ ಬಲೆಗೆ ಬರುವುದು ಅಷ್ಟಿಷ್ಟು. ಕಟ್ಟಡವನ್ನು ಬಂದವರಿಗೆ ತೋರಿಸಲೆಂದು ಉಳಿಸಿದ್ದಾರೆ. ಗೋಡೆಯ ಸುಣ್ಣ ಉಪ್ಪು ತಿಂದು ಉದುರುತ್ತಿತ್ತು. ಮೂಲೆಯಲ್ಲಿ ಮಂಡಿ ಎತ್ತರದ ತಾಮ್ರದ ಹಂಡೆ, ಮರದ ಅಡ್ಡೆಯ ಮೇಲೆ ತೋಳು ದಪ್ಪದ ಹಗ್ಗದ ಸುರುಳಿ.

"ಈ ಹಗ್ಗ ಗೇದರ ಬಲೀದು," ಎಂದಳು ಕಾಂಚನಾ. "ನೂಲಿನ ಹಗ್ಗ. ಈಗ ಎಲ್ಲಾ ಪ್ಲಾಸ್ಟಿಕ್ಕು."

"ಹಂಡೆ ಯಾಕ ತೊಳದಾರ?" ಎಂದ ಹುಚ್ಚೀರಪ್ಪ. "ಇನ್ನೂ ಬೇಯಸ್ತಾರೇನು ಇದರಾಗ?"

"ಅಪ್ಪಾ, ಇದು ಪ್ರದರ್ಶನಕ್ಕ ಇಟ್ಟಿದ್ದು."

"ಪ್ರದರ್ಶನಕ್ಕಂತ." ಅವನು ಹಂಡೆಯೊಳಗೆ ಬಗ್ಗಿ ಮೂಸಿದ.

ರೇಣುಕವ್ವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಗಾಳಿಮರದ ನೆರಳಿಗೆ ಬಂದಳು. ಅಲ್ಲಿಂದ, ಜನವಿಲ್ಲದ ಮರಳಿನಲ್ಲಿ, ಒಂದು ದಿಬ್ಬ ಕಂಡಿತು. ಸುತ್ತ ಬಿದಿರಿನ ಗೂಟ, ಮೇಲೆ ಹಸಿರು ಹೊದಿಕೆ, ಗೂಟಗಳ ತುದಿಗೆ ಕಾವಿ ಬಟ್ಟೆಯ ಪಟ್ಟಿಗಳು ಪಟಪಟ ಬಡಿಯುತ್ತಿದ್ದವು. ಅವಳು ತಾನಾಗಿ ಕೈ ಮುಗಿದಳು.

ಮಧ್ಯಾಹ್ನ ಕಾಂಚನಾ ಹೊಳೆಯ ಕಡೆ ಗಸ್ತಿಗೆ ಹೋದಳು. ಹುಚ್ಚೀರಪ್ಪ ಚಹಾ ಕುಡಿದು ಬರುತ್ತೇನೆ ಎಂದು ಹೊರಟ. ಚಹಾ ಅವನಿಗೆ ನೆಪ. ಅಂಗಡಿಯಲ್ಲಿ ಕೂತು ನಾಲ್ಕು ಜನರನ್ನು ಮಾತಿಗೆಳೆದು, ಕಾಂಚನಾ ಯಾರ ಮನೆಯಲ್ಲಿ ಏನು ತಿನ್ನುತ್ತಾಳೆ ಎಂದು ತಿಳಿಯುವುದು ಅವನ ಲೆಕ್ಕಾಚಾರ.

ರೇಣುಕವ್ವ ಒಬ್ಬಳೇ ಕೂತು ಯೋಚಿಸಿದಳು. ಮಗಳು ಸುಳ್ಳು ಹೇಳುವವಳಲ್ಲ. ಆದರೆ ಸುಳ್ಳು ಹೇಳದವಳು ಖರೆಯನ್ನೂ ಹೇಳಲಿಲ್ಲವಲ್ಲ! ತಿಂದಿಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನೌಕರಿ ಬಿಡಿಸಿ ಕರೆದೊಯ್ದರೆ ಹುಡುಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಹೋಗುತ್ತಾಳೆ, ಅದೂ ಗೊತ್ತಿತ್ತು. ಯಾರನ್ನು ಕೇಳುವುದು? ಬಾಳೆಹೊಸೂರು ದೂರವಿತ್ತು. ಆಗ ದಂಡೆಯ ಆ ದಿಬ್ಬ ನೆನಪಾಯಿತು. ಶರಣರು ಐಕ್ಯವಾಗುವುದು ಊರ ಹೊರಗೆ, ನೀರಿನ ಹತ್ತಿರ, ಯಾರೂ ಕಾಣದಲ್ಲಿ. ಎಷ್ಟು ಪುರಾಣಗಳಲ್ಲಿ ಕೇಳಿಲ್ಲ! ಹಸಿರು ಹೊದಿಕೆಯೋ ಕಾವಿ ಬಟ್ಟೆಯೋ, ಅವಳು ಎರಡಕ್ಕೂ ಹಣೆ ಹಚ್ಚಿದವಳು. ಬೆಳಿಗ್ಗೆಯ ಹಾಲು ತಂಬಿಗೆಯಲ್ಲಿ ಉಳಿದಿತ್ತು. ಚೀಲದಲ್ಲಿ ವಿಭೂತಿ ಗಟ್ಟಿ, ಊದಿನಕಡ್ಡಿ ಇದ್ದವು.

ದಿಬ್ಬದ ಹತ್ತಿರ ಯಾರೂ ಇರಲಿಲ್ಲ. ಆಚೆ ಒಂದು ಬೋರ್ಡು ಕಡಲಿನ ಕಡೆ ಮುಖ ಮಾಡಿ ನಿಂತಿತ್ತು. ಅವಳಿಗೆ ಕಂಡದ್ದು ಅದರ ತಗಡಿನ ಬೆನ್ನು. ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದಳು. ಗೂಟಕ್ಕೆ ವಿಭೂತಿ ಹಚ್ಚಿದಳು, ಮರಳಿಗೆ ಊದಿನಕಡ್ಡಿ ಚುಚ್ಚಿದಳು. ಹಸಿರು ಹೊದಿಕೆ ಬಟ್ಟೆಯಲ್ಲ, ಬಲೆಯದು ಎಂದು ಕೈಗೆ ತಿಳಿದಾಗ ಮೀನುಗಾರರ ಊರಿನ ಗದ್ದುಗೆಗೆ ಬಲೆಯೇ ಹೊದಿಕೆ ಎಂದುಕೊಂಡಳು. ಅದರ ಅಂಚು ಎತ್ತಿ ಹಾಲೆರೆದಳು.

"ಅಜ್ಜಾ, ನೀ ಯಾರಂತ ನನಗ ಗೊತ್ತಿಲ್ಲ. ನನ್ನ ಮಗಳು ಯಾರಂತ ನಿನಗ ಗೊತ್ತಿರತೈತಿ, ದಿನಾ ನಿನ್ನ ಮುಂದs ಅಡ್ಡಾಡ್ತಾಳ. ಆಕಿ ಬಾಯಿ ಕೆಟ್ಟಿರಬಾರದು. ಕೆಟ್ಟಿದ್ರ, ನಮಗ ತಿಳೀಬಾರದು."

ಕೊನೆಯ ಮಾತು ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿ, ಗಲ್ಲ ಬಡಿದುಕೊಂಡಳು. ದಿಬ್ಬದ ನೆತ್ತಿಯಿಂದ ಒಂದು ಹಿಡಿ ಮರಳು ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಮಗಳ ಹಣೆಗೆ ಹಚ್ಚಲು.

ಬಿಸಿಲು ಇಳಿಯುವ ಹೊತ್ತಿಗೆ ದಂಡೆಯ ಕಡೆಯಿಂದ ಗದ್ದಲ ಕೇಳಿತು. ಜಾನಕಿ ಎದೆ ಬಡಿದುಕೊಂಡು ಓಡಿದಳು. ಚಹಾ ಅಂಗಡಿಯಿಂದ ಹುಚ್ಚೀರಪ್ಪನೂ ಬಂದ. ರೇಣುಕವ್ವ ಅವನ ಹಿಂದೆ ನಡೆದಳು, ಮರಳಿನಲ್ಲಿ ಕಾಲು ಹೂತು ಹೂತು. ಜನ ಸುತ್ತುಗಟ್ಟಿದ್ದು ಅದೇ ದಿಬ್ಬದ ಸುತ್ತ.

ಬಲೆ ಒಂದು ಕಡೆ ಹಾರಿತ್ತು. ಮರಳು ಕೆದರಿತ್ತು. ಕಾಗೆಗಳು ಹತ್ತಿರದಲ್ಲೇ ಕೂತಿದ್ದವು. ಹಸಿ ಮರಳಿಗೆ ಇರುವೆಗಳು ಸಾಲುಗಟ್ಟಿದ್ದವು. ಜಾನಕಿಯ ಗಂಡ ದೇವು ಮೊಣಕಾಲೂರಿ ಕೂತಿದ್ದ, ಎರಡೂ ಕೈಗೆ ಮರಳು. ಅವನ ಮುಂದೆ ಖಾಕಿಯ ದೊಡ್ಡ ಸಾಹೇಬರು ನಿಂತಿದ್ದರು, ವಲಯದ ಅಧಿಕಾರಿ. ಪಕ್ಕದಲ್ಲಿ ಕಾಂಚನಾ, ಮುಖದಲ್ಲಿ ರಕ್ತವಿಲ್ಲ.

"ನಾಯಿ ಕೆದರ್ತಾ ಇತ್ತು ಸಾಹೇಬ್ರೆ. ಓಡ್ಸಿ, ಮರಳು ಮುಚ್ತಾ ಇದ್ದೆ," ಎನ್ನುತ್ತಿದ್ದ ದೇವು.

"ಗಾಳಿಗೆ ಬಲೆ ಹೀಗೆ ಎತ್ತುವುದಿಲ್ಲ. ಯಾರೋ ಕೈಯಿಂದ ಎತ್ತಿದ್ದಾರೆ. ಕಡಲಾಮೆಯ ಗೂಡಿಗೆ ಕೈ ಹಾಕಿದರೆ ಜೈಲು ಅಂತ ಗೊತ್ತಲ್ಲ? ನಿಮ್ಮ ಅಪ್ಪ ಆಮೆ ಮೊಟ್ಟೆ ಮಾರುತ್ತಿದ್ದವನು ತಾನೆ?"

"ಅಪ್ಪ ಸತ್ತು ಎಷ್ಟು ಕಾಲ ಆಯ್ತು!"

ಕಡಲಾಮೆಯ ಗೂಡು. ರೇಣುಕವ್ವನಿಗೆ ಆ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಜ್ಜನಿಲ್ಲ, ಗದ್ದುಗೆಯಿಲ್ಲ. ಮರಳಿನ ಕೆಳಗಿದ್ದದ್ದು ತತ್ತಿ! ಸೆರಗಿನ ಗಂಟು ಒಮ್ಮೆಲೇ ಕಲ್ಲಿನಷ್ಟು ಭಾರವಾಯಿತು. ಅವಳು ಗಂಡನ ತೋಳು ಹಿಡಿದು ಹಿಂದಕ್ಕೆಳೆದಳು.

"ಕೇಳ್ರಿಲ್ಲಿ. ಅದನ್ನ ಮಾಡಿದಾಕಿ ನಾನು. ಹಾಲ ಹಾಕೀನಿ, ಪೂಜಿ ಮಾಡೀನಿ."

ಹುಚ್ಚೀರಪ್ಪ ಅವಳನ್ನು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಗಾಬರಿ. ಅದು ನಿಧಾನಕ್ಕೆ ಬೇರೆಯದಾಯಿತು. ದರ ಇಳಿದ ದಿನ ಕೊಳ್ಳಲು ಒಳ್ಳೆಯ ಮಾಲು ಕಂಡವನ ಮುಖದಂತೆ.

"ಹೇಳಿಬಿಡು," ಎಂದು ಪಿಸುಗುಟ್ಟಿದ. "ಗಾರ್ಡ್‌ನ ಅವ್ವನs ಗೂಡಿಗೆ ಕೈ ಹಾಕಿದ್ಲು ಅಂದ್ರ ಆಕಿ ನೌಕರಿ ಎಲ್ಲಿ ಉಳೀತೈತಿ? ಹೋಗ್ಲಿ. ನಾವು ರಾಜೀನಾಮೆ ಬರಸೂದೂ ಬ್ಯಾಡ, ಜಗಳಾನೂ ಬ್ಯಾಡ. ಮನಿಗೆ ಬರ್ತಾಳ."

ರೇಣುಕವ್ವ ಅವನ ತೋಳು ಬಿಟ್ಟಳು. ಹೇಳದಿದ್ದರೆ ದೇವು ಕೆಡುತ್ತಾನೆ. ಹೇಳಿದರೆ ಮಗಳು.

ಜಾನಕಿ ಸಾಹೇಬರ ಎದುರಿಗೇ ನಿಂತಿದ್ದಳು. "ಎಲ್ಲದಕ್ಕೂ ನನ್ನ ಗಂಡನೇ ಕಾಣ್ತಾನಾ ನಿಮ್ಗೆ? ಹಗ್ಗ ತರ್ಸಿ. ಊರೆಲ್ಲ ಮುಟ್ಲಿ. ಆಗ ಕಾಣ್ತದೆ ಯಾರು ಅಂತ."

ಇಬ್ಬರು ಹೋಗಿ ಗೇದರ ಬಲೆಯ ಹಗ್ಗ ಹೊತ್ತು ತಂದರು. ಹಿಂದೆ ಪಾಲಿನ ಮೀನು ಕಳುವಾದರೆ ಊರವರು ಈ ಹಗ್ಗ ಹಿಡಿದು ಆಣೆ ಮಾಡುತ್ತಿದ್ದರು ಎಂದು ಪಕ್ಕದವನೊಬ್ಬ ಹುಚ್ಚೀರಪ್ಪನಿಗೆ ವಿವರಿಸಿದ. ಹಿಡಿದು ಸುಳ್ಳಾಡಿದವನ ಬಲೆಗೆ ಮತ್ತೆ ಮೀನು ಬೀಳುವುದಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು, ಆದರೆ ತಡೆಯಲಿಲ್ಲ. ದೇವು ಮೊದಲು ಹಿಡಿದ. "ನಾನಲ್ಲ. ಸುಳ್ಳಾದ್ರೆ ಕಡಲು ನಂಗೆ ಮುಖ ತೋರಿಸದೇ ಇರ್ಲಿ." ಆಮೇಲೆ ಜಾನಕಿ. ಆಮೇಲೆ ಒಬ್ಬೊಬ್ಬರೇ. ನಾನಲ್ಲ, ನಾನಲ್ಲ ಎಂಬುದು ಸುತ್ತು ಹೊಡೆದು ಬಂತು. ಹುಚ್ಚೀರಪ್ಪನೂ ಹಿಡಿದ. "ನಾನಲ್ಲರಿ." ಅದು ಖರೆಯೇ ಆಗಿತ್ತು.

ಹಗ್ಗ ರೇಣುಕವ್ವನ ಕೈಗೆ ಬಂತು. ಹಳೆಯ ನೂಲು, ಉಪ್ಪು ಕುಡಿದು ಗಟ್ಟಿಯಾದದ್ದು.

"ಅಮ್ಮನಿಗೆ ಬೇಡ ಮಾರಾಯ್ರೆ, ಅವ್ರು ನೆಂಟ್ರು," ಎಂದು ಯಾರೋ ಅಂದರು.

"ಇರಲಿ," ಎಂದಳು ರೇಣುಕವ್ವ. "ನಾನs ಮಾಡೀನಿ. ಗದ್ದಗಿ ಅಂತ ತಿಳಿದು ಹಾಲ ಹಾಕೀನಿ. ಇಲ್ಲೇ ಊದಿನಕಡ್ಡಿ ಚುಚ್ಚೀನಿ, ನೋಡ್ರಿ. ಆ ಅಣ್ಣಂದು ಏನೂ ತಪ್ಪಿಲ್ಲ." ಸೆರಗಿನ ಗಂಟು ಬಿಚ್ಚಿ ಅಂಗೈಯಲ್ಲಿ ಮರಳು ಚಾಚಿದಳು.

ಜಾನಕಿಯ ಬಾಯಿ ತೆರೆದೇ ಇತ್ತು. "ಆಮೆ ಮೊಟ್ಟೆಗೆ ಹಾಲಾ? ಹಾವಿಗೆ ಎರೀತ್ರು ಅಂತ ಗೊತ್ತಿತ್ತು!" ಎಂದಳು. ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ಬಗ್ಗಿ ಊದಿನಕಡ್ಡಿಯ ತುಂಡು ಹೆಕ್ಕಿದರು.

"ಪೂಜೆಯೋ, ಬೇರೆ ಏನಾದರೂ ಇದೆಯೋ?" ಅವರು ಕಾಂಚನಾಳ ಕಡೆ ತಿರುಗಿದರು. "ನಿಮ್ಮ ತಂದೆ ಮಧ್ಯಾಹ್ನ ಚಹಾ ಅಂಗಡಿಯಲ್ಲಿ ನಮ್ಮ ಡ್ರೈವರನ್ನೇ ಕೇಳಿದ್ದಾರೆ, ಗಾರ್ಡ್ ಕೆಲಸ ಬಿಡುವುದಾದರೆ ಯಾರಿಗೆ ಬರೆದುಕೊಡಬೇಕು ಅಂತ. ಅದೇ ಮಧ್ಯಾಹ್ನ ನಿಮ್ಮ ತಾಯಿ ಗೂಡಿಗೆ ಕೈ ಹಾಕಿದ್ದಾರೆ. ನಾನು ಏನಂತ ತಿಳಿಯಬೇಕು?"

ಕಾಂಚನಾ ಅಪ್ಪನನ್ನು ನೋಡಿದಳು. ಹುಚ್ಚೀರಪ್ಪ ಕಡಲು ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು.

"ಅವ್ವಾ. ಬೇಕಂತs ಮಾಡಿದ್ಯಾ? ನನ್ನ ಕರಕೊಂಡು ಹೋಗಾಕ?"

ಇಲ್ಲ ಎಂದರೆ ಯಾರು ನಂಬಬೇಕು? ಬೆಳಿಗ್ಗೆಯಿಂದ ಪಾತ್ರೆಗಳ ಮುಚ್ಚಳ ಎತ್ತಿ ನೋಡಿದವಳು ತಾನು. ಸಮುದ್ರ ನೋಡುವ ಆಸೆ ಎಂದು ಸುಳ್ಳು ಹೇಳಿಸಿಕೊಂಡು ಬಂದವಳು ತಾನು. ರೇಣುಕವ್ವನ ಕೈ ತನ್ನ ಕೊರಳ ಕರಡಿಗೆಯ ಕಡೆ ಏರಿತು.

"ಬ್ಯಾಡ," ಎಂದು ಕಾಂಚನಾ ಆ ಕೈ ಹಿಡಿದಳು. "ಅದನ್ನ ಮುಟ್ಟಬ್ಯಾಡ. ಮಾತಿನ್ಯಾಗs ಹೇಳು."

"ಇಲ್ಲವ್ವಾ. ನಿನ್ನ ಸಲುವಾಗಿ ಬೇಡಕೊಳ್ಳಾಕ ಹೋಗಿದ್ನಿ. ತತ್ತಿ ಅದಾವು ಅಂತ ಗೊತ್ತಿರಲಿಲ್ಲ."

ಕಾಂಚನಾ ಬಹಳ ಹೊತ್ತು ಅವಳ ಮುಖ ನೋಡಿದಳು. "ಆತು," ಎಂದಳು. ಸಾಹೇಬರ ಕಡೆ ತಿರುಗಿ, "ಸರ್, ನಮ್ಮ ತಾಯಿ ಹೇಳ್ತಿರೋದು ನಿಜ," ಎಂದಳು.

ಸಾಹೇಬರು ಮೊಣಕಾಲೂರಿ ಮೇಲಿನ ಮರಳನ್ನು ತಾವೇ ಸರಿಸಿದರು. ಹಾಲು ಇಳಿದದ್ದು ಮೇಲಿನ ಪದರಕ್ಕೆ ಮಾತ್ರ. ಮೊಟ್ಟೆಗಳಿದ್ದದ್ದು ತೋಳು ಮುಳುಗುವಷ್ಟು ಆಳದಲ್ಲಿ. ನಾಯಿ ಅಲ್ಲಿಯ ತನಕ ಹೋಗಿರಲಿಲ್ಲ. ತೊಯ್ದ ಮರಳು ತೆಗೆಸಿ ಒಣ ಮರಳು ತುಂಬಿಸಿದರು.

"ವರದಿ ಹೋಗುತ್ತದೆ," ಎಂದರು ಎದ್ದು. "ಇರುವೆ ಬಂದಾಗಿದೆ, ವಾಸನೆಗೆ ಏಡಿ ಬರುತ್ತದೆ, ನಾಯಿಯೂ ಮತ್ತೆ ಬರುತ್ತದೆ. ಮರಿ ಹೊರಬರುವ ತನಕ ಹಗಲೆಲ್ಲ ಇಲ್ಲಿ ಜನ ಬೇಕು. ಮರಿ ಬಂದರೆ ವರದಿಗೆ ಇವಳ ಪರವಾಗಿ ಒಂದು ಸಾಲು ಸೇರಿಸುತ್ತೇನೆ. ಬರದಿದ್ದರೆ ಇವಳ ನೌಕರಿ ನನ್ನ ಕೈಯಲ್ಲಿ ಇರುವುದಿಲ್ಲ. ಕಾಂಚನಾ ಗಸ್ತಿಗೆ ಹೋದಾಗ ಯಾರು ಕೂರುತ್ತೀರಿ?"

ಮೀನುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಬಲೆಯಿತ್ತು, ಬೋಟಿತ್ತು.

"ನಾ ಕುಂಡ್ರತೀನ್ರಿ," ಎಂದಳು ರೇಣುಕವ್ವ.

ಹುಚ್ಚೀರಪ್ಪ ಅವಳ ಹತ್ತಿರ ಬಂದ. "ತಲಿ ನೆಟ್ಟಗೈತಿ ಏನು? ಬಸ್ ಹೊತ್ತಾತು."

"ನೀವು ಹೋಗ್ರಿ."

"ಸೀಟು ಮೂರದಾವು."

"ಅಗಲಾಗಿ ಕುಂಡ್ರಿ."

ಜಾನಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಂಚನಾಳೂ ಬೆಳಿಗ್ಗೆಯ ನಂತರ ಮೊದಲ ಸಲ ಸ್ವಲ್ಪ ನಕ್ಕಳು, ನಕ್ಕದ್ದಕ್ಕೆ ಸಿಟ್ಟಾದವಳಂತೆ ತಿರುಗಿ ಬಲೆಯ ಅಂಚಿಗೆ ಕಲ್ಲು ಹೇರತೊಡಗಿದಳು. ತಾಯಿ ಮೇಲಿನ ಸಂಶಯ ಅವಳ ಬೆನ್ನಿನಿಂದ ಪೂರ್ತಿ ಇಳಿದಿರಲಿಲ್ಲ. ರೇಣುಕವ್ವನಿಗೆ ಅದು ಕಾಣುತ್ತಿತ್ತು.

ಹುಚ್ಚೀರಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಮತ್ತೆ ದಂಡೆಗೆ ಬಂದಾಗ ರೇಣುಕವ್ವ ಗೂಟಗಳ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದಳು, ಕೈಯಲ್ಲಿ ಜಾನಕಿ ಕೊಟ್ಟ ಹಿಡಿಕಡ್ಡಿ ಪೊರಕೆ. ಮಗಳು ದೂರದಲ್ಲಿ ದೇವುವಿನ ಜೊತೆ ಮಾತಾಡುತ್ತಿದ್ದಳು. ಹುಚ್ಚೀರಪ್ಪ ಬಗ್ಗಿ ದನಿ ತಗ್ಗಿಸಿದ.

"ಹೆಂಗೂ ಉಳಿಯಾಕತ್ತಿ. ಛಲೋನs ಆತು. ಆಕಿ ಬಾಯಾಗ ಏನ ಹೋಗತೈತಿ, ಕಣ್ಣಿಟ್ಟು ನೋಡು. ದಿನಾ ಫೋನ ಮಾಡಿ ತಿಳಸು. ತಿಂದಾಳೋ ಇಲ್ಲೋ, ಒಮ್ಮಿ ಖರೆ ಗೊತ್ತಾಗಲಿ."

ಮರಳಿನ ತೂತಿನಿಂದ ಒಂದು ಏಡಿ ಕಣ್ಣು ಹೊರಗೆ ಹಾಕಿತು. ರೇಣುಕವ್ವ ಹಿಡಿಕಡ್ಡಿಯಿಂದ ಅದನ್ನು ಅಟ್ಟಿದಳು. ಅದು ಅಡ್ಡಡ್ಡ ಓಡಿ ಅಲೆಗೆ ಸೇರಿತು.

"ನಾ ಕುಂತಿದ್ದು ತತ್ತಿ ಕಾಯಾಕ," ಎಂದಳು. "ಆಕೀನ್ನ ಕಾಯಾಕಲ್ಲ. ನಾ ಕೇಳಂಗೂ ಇಲ್ಲ, ನೋಡಂಗೂ ಇಲ್ಲ. ನೀವು ಫೋನ ಮಾಡಿದ್ರ ತತ್ತಿ ಖಬರ ಹೇಳ್ತೀನಿ."

ಹುಚ್ಚೀರಪ್ಪ ಬಗ್ಗಿದವನು ನೆಟ್ಟಗಾದ. ಮಗಳ ಕಡೆ, ದೇವುವಿನ ಕಡೆ, ಮರಳಿನ ಕಡೆ ನೋಡಿದ. ಹೊರಡುವ ಮುನ್ನ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಮೂಸಿದ. ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಅವನು ಗಾಳಿಮರಗಳ ನಡುವೆ ಹೋಗುವುದನ್ನು ರೇಣುಕವ್ವ ಪೂರ್ತಿ ನೋಡಲಿಲ್ಲ. ಇನ್ನೊಂದು ತೂತಿನಲ್ಲಿ ಏನೋ ಅಲುಗಾಡುತ್ತಿತ್ತು.